ಕಂಡವರ ನೆನಪು, ಕಾಣದವರ ಕುಂಚ

೧೯೭೪ರಲ್ಲಿ ಜಪಾನಿನ ಹಿರೋಷಿಮಾ ನಗರದ ಪ್ರಸಾರ ನಿಲಯಕ್ಕೆ ಎಪ್ಪತ್ತೇಳು ವರ್ಷದ ವೃದ್ಧನೊಬ್ಬನು ತಾನೇ ಬರೆದ ಚಿತ್ರವೊಂದನ್ನು ಹಿಡಿದು ಬಂದನು. ೧೯೪೫ರ ಆಗಸ್ಟ್ ೬ರಂದು, ಅಣುಬಾಂಬು ಬಿದ್ದ ದಿನ, ಸೇತುವೆಯ ಬಳಿ ಆತನು ಕಂಡ ನೋಟ ಅದು. ನಿಲಯದವರು ಅದನ್ನು ಬದಿಗಿಡಲಿಲ್ಲ. ಅಂತಹ ನೆನಪುಳ್ಳವರೆಲ್ಲರೂ ಬರೆದು ಕಳುಹಿಸಿರೆಂದು ಪ್ರಸಾರದ ಮೂಲಕ ಕೇಳಿಕೊಂಡರು. ಎರಡು ವರ್ಷದೊಳಗೆ ಎರಡು ಸಾವಿರಕ್ಕೂ ಮೀರಿ ಚಿತ್ರಗಳು ಬಂದವು. ಪ್ರಸಾರಕ್ಕೆ ಇಂತಹ ಉಪಯೋಗವೂ ಉಂಟು.

ಚಿತ್ರಗಳೇ ಏಕೆ ಬೇಕಾದವು? ಆ ದಿನ ನಗರದೊಳಗೆ ಪತ್ರಿಕಾ ಛಾಯಾಗ್ರಾಹಕರಾದ ಯೊಷಿಟೊ ಮಟ್ಸುಶಿಗೆಯವರು ತೆಗೆದು ಉಳಿದಿರುವ ಛಾಯಾಚಿತ್ರಗಳು ಐದೇ ಐದು. ಮಿಕ್ಕುದೆಲ್ಲ ಬದುಕುಳಿದವರ ಕಣ್ಣಿನಲ್ಲಿ ಮಾತ್ರ ಉಳಿಯಿತು. ಅವರಿಗೋ ಮುಪ್ಪು ಬಂದಿತು. ಎಲ್ಲರಿಗೂ ಕುಂಚ ಹಿಡಿಯಬರುವುದಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ಹಿರೋಷಿಮಾದ ಮೊಟೊಮಾಚಿ ಪ್ರೌಢಶಾಲೆಯ ಚಿತ್ರಕಲಾ ವಿದ್ಯಾರ್ಥಿಗಳು. ೨೦೦೭ರಿಂದ ಅಲ್ಲಿಯ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದೊಡನೆ ಸೇರಿ ಅವರು ಈ ಕೆಲಸ ನಡೆಸಿದ್ದಾರೆ. ಹುಡುಗನೋ ಹುಡುಗಿಯೋ ಹಿರಿಯರೊಬ್ಬರ ಬಳಿ ಕುಳಿತು ಅವರ ಕಥೆ ಕೇಳಬೇಕು, ಕರಡು ಬರೆದು ತೋರಿಸಬೇಕು. ಸುಟ್ಟ ಚರ್ಮದ ಬಣ್ಣ ಹೀಗಿರಲಿಲ್ಲ, ಬೆಂಕಿ ಈ ದಿಕ್ಕಿನಲ್ಲಿರಲಿಲ್ಲ ಎಂದರೆ ಅಳಿಸಿ ಮತ್ತೆ ಬರೆಯಬೇಕು. ಅಂದಿನ ಉಡುಪು, ಬೀದಿ, ಮನೆಗಳನ್ನು ಹಳೆಯ ಛಾಯಾಚಿತ್ರಗಳಲ್ಲಿ ಹುಡುಕಬೇಕು. ಒಂದು ತೈಲಚಿತ್ರಕ್ಕೆ ಅರ್ಧ ವರ್ಷವೋ ಒಂದು ವರ್ಷವೋ ಹಿಡಿಯುತ್ತದೆ. ಹೀಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಾಗಿವೆ.

ಕಾಣದವನು ಬರೆದುದು ಚರಿತ್ರೆಯಾದೀತೇ ಎಂದು ಆಕ್ಷೇಪಿಸುವವರು ಇರಬಹುದು. ಕಂಡವನೇ ಬಳಿ ಕುಳಿತು ತಿದ್ದಿದುದನ್ನು ಚರಿತ್ರೆಯಿಂದ ಹೊರಗಿಡಲು ನನಗೆ ಮನಸ್ಸು ಬಾರದು. ನಮ್ಮ ಲಾಕ್ಷಣಿಕರು ಭಯಾನಕ ಬೀಭತ್ಸಗಳನ್ನೂ ರಸವೆಂದು ಎಣಿಸಿದರು. ಜೀವನವೆಲ್ಲ ಅವನ್ನು ಪಾಠ ಹೇಳಿದವನು ನಾನು. ಆದರೆ ಈ ಹಿರಿಯರು ಬಯಸುವುದು ರಸವನ್ನಲ್ಲ, ಹೀಗೆಯೇ ಇತ್ತು ಎಂಬ ನಿಶ್ಚಯವನ್ನು.

ಇನ್ನೊಂದು ಮಾತು. ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಅಂದು ಶಾಲಾ ಮಕ್ಕಳನ್ನು ಹಚ್ಚಿದ್ದರು. ಅವರಲ್ಲಿ ಸುಮಾರು ಆರು ಸಾವಿರ ಮಂದಿ ಸತ್ತರು. ಹೆಚ್ಚಿನವರು ಹನ್ನೆರಡು ಹದಿಮೂರರ ಪ್ರಾಯದವರು. ಇಂದು ಕುಂಚ ಹಿಡಿದವರಿಗಿಂತ ಮೂರು ನಾಲ್ಕು ವರ್ಷ ಚಿಕ್ಕವರು.

ಮುಗಿದ ಚಿತ್ರಗಳು ವಸ್ತುಸಂಗ್ರಹಾಲಯಕ್ಕೆ ಸೇರುತ್ತವೆ. ಹಿರಿಯರು ಸಭೆಗಳಲ್ಲಿ ತಮ್ಮ ಕಥೆಯನ್ನು ಹೇಳುವಾಗ ಅವುಗಳನ್ನೇ ತೋರಿಸುತ್ತಾರೆ.