ಗಾಳಿಗೆ ಸೇರಿದ ವಿಷದ ಲೆಕ್ಕ: ಗ್ರೇಟ್ ಲೇಕ್ಸ್ ಪ್ರದೇಶದ ಅನುಭವ

ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ವಿಷಕಾರಿ ವಾಯುಮಾಲಿನ್ಯದ ಲೆಕ್ಕಪಟ್ಟಿ ಬೇಕೆನಿಸಿದ್ದಕ್ಕೆ ಕಾರಣ ಮೀನು. ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ಒಳಗಿರುವ ಸಿಸ್ಕಿವಿಟ್ ಕೆರೆಯ ಹತ್ತಿರ ಕಾರ್ಖಾನೆಯೂ ಇಲ್ಲ, ಹೊಲವೂ ಇಲ್ಲ. ಆದರೂ 1970ರ ದಶಕದಲ್ಲಿ ಅಲ್ಲಿನ ಮೀನುಗಳಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಮತ್ತು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಗೆ ಸಿಂಪಡಿಸುತ್ತಿದ್ದ ಟಾಕ್ಸಫೀನ್ ಎಂಬ ಕೀಟನಾಶಕ ಕಂಡುಬಂದವು. ಅವು ಗಾಳಿಯ ಮೂಲಕವಲ್ಲದೆ ಬರಲು ಬೇರೆ ದಾರಿಯಿರಲಿಲ್ಲ. 1986ರಲ್ಲಿ ಪ್ರದೇಶದ ಗವರ್ನರ್‌ಗಳು ವಿಷವಸ್ತು ನಿಯಂತ್ರಣದ ಒಪ್ಪಂದಕ್ಕೆ ಸಹಿ ಹಾಕಿದರು. ಮರುವರ್ಷ ಅಮೆರಿಕ ಮತ್ತು ಕೆನಡಾಗಳ ನಡುವಿನ ಜಲಗುಣಮಟ್ಟದ ಒಪ್ಪಂದಕ್ಕೆ ಗಾಳಿಯಿಂದ ಬರುವ ವಿಷಗಳ ಅನುಬಂಧವೊಂದು ಸೇರಿತು.

ಅದೇ ಕಾಲಕ್ಕೆ ಇನ್ನೊಂದು ಒತ್ತಡ ಭಾರತದಿಂದ ಹೋಯಿತು. 1984ರ ಭೋಪಾಲ್ ದುರಂತದ ಬೆನ್ನಿಗೆ ಅಮೆರಿಕದ ಸಂಸತ್ತು 1986ರಲ್ಲಿ ತಂದ ಕಾನೂನಿನಂತೆ, ಕಾರ್ಖಾನೆಗಳು 1987ರಿಂದ ತಾವು ಹೊರಬಿಟ್ಟ ವಿಷವಸ್ತುಗಳ ಪ್ರಮಾಣವನ್ನು ವರದಿ ಮಾಡಬೇಕಾಯಿತು. ಆದರೆ ಆ ವರದಿ ದೊಡ್ಡ ಘಟಕಗಳಿಗಷ್ಟೇ ಸೀಮಿತ. ಡ್ರೈಕ್ಲೀನಿಂಗ್ ಅಂಗಡಿಯ ಪರ್‌ಕ್ಲೋರೋಎಥಿಲೀನ್, ಪೆಟ್ರೋಲ್ ಬಂಕಿನ ಬೆಂಜೀನ್ ಅದರಲ್ಲಿ ಬರಲಿಲ್ಲ. 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿ 189 ಅಪಾಯಕಾರಿ ಮಾಲಿನ್ಯಕಾರಕಗಳನ್ನು ಪಟ್ಟಿ ಮಾಡಿದ ಮೇಲೆ ಸಮಗ್ರ ಲೆಕ್ಕ ಅನಿವಾರ್ಯವಾಯಿತು. ಗ್ರೇಟ್ ಲೇಕ್ಸ್ ಸುತ್ತಲಿನ ಅಮೆರಿಕದ ಎಂಟು ರಾಜ್ಯಗಳು ಹಾಗೂ ಕೆನಡಾದ ಒಂಟಾರಿಯೋ ಪ್ರಾಂತ ಸೇರಿ ರೂಪಿಸಿದ ಪ್ರಾದೇಶಿಕ ಪಟ್ಟಿ 1993ರ ಸಾಲಿಗೆ 49 ವಸ್ತುಗಳಿಂದ ಆರಂಭವಾಗಿ ಮುಂದೆ 82ಕ್ಕೆ ಬೆಳೆಯಿತು. ವಾಹನಗಳೂ ಅದರೊಳಗೆ ಬಂದವು.

ಪಟ್ಟಿಯ ಅಂಕಿಗಳಲ್ಲಿ ಬಹುಪಾಲು ಅಳತೆಯವಲ್ಲ, ಅಂದಾಜಿನವು. ಪ್ರತಿ ಚಿಮಣಿಗೂ ಉಪಕರಣ ಕಟ್ಟುವುದು ದುಬಾರಿ. ಆದ್ದರಿಂದ ಉರಿಸಿದ ಕಲ್ಲಿದ್ದಲನ್ನೋ ತಯಾರಾದ ಉಕ್ಕನ್ನೋ ಒಂದು ಗುಣಾಂಕದಿಂದ ಗುಣಿಸಿ, ಚಿಮಣಿಯ ಶೋಧಕ ತಡೆದ ಪಾಲನ್ನು ಕಳೆಯುತ್ತಾರೆ. ಇಂಥ ಗುಣಾಂಕಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1972ರಿಂದ ಎಪಿ-42 ಎಂಬ ಸಂಕಲನದಲ್ಲಿ ಪ್ರಕಟಿಸುತ್ತ ಬಂದಿದೆ; ಐದನೆಯ ಆವೃತ್ತಿ 1995ರದು. ಪ್ರತಿಯೊಂದಕ್ಕೂ 'ಎ'ಯಿಂದ 'ಇ'ವರೆಗೆ ದರ್ಜೆಯುಂಟು. ಕೆಲವೇ ಚಿಮಣಿಗಳ ಪರೀಕ್ಷೆಯಿಂದ ಬಂದ 'ಇ' ದರ್ಜೆಯ ಗುಣಾಂಕವೂ ಕೋಷ್ಟಕಕ್ಕೆ ಇಳಿದ ಮೇಲೆ 'ಎ' ದರ್ಜೆಯದರಷ್ಟೇ ಗಂಭೀರವಾಗಿ ಕಾಣುತ್ತದೆ. ಲೆಕ್ಕ ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಶೋಧಕದ ದಕ್ಷತೆ ಇನ್ನೂ ಸೂಕ್ಷ್ಮವಾದ ಸಂಗತಿ. ಶೇ. 99ರಷ್ಟು ತಡೆಯುತ್ತದೆ ಎಂದು ಬರೆದುಕೊಂಡ ಉಪಕರಣ ನಿಜಕ್ಕೂ ಶೇ. 98ರಷ್ಟನ್ನೇ ತಡೆಯುತ್ತಿದ್ದರೆ ಹೊರಬೀಳುವ ವಿಷ ಇಮ್ಮಡಿಯಾಗುತ್ತದೆ. ಪಾದರಸದ ಸಮಸ್ಯೆ ಬೇರೆ: ಅದು ಬಹುಮಟ್ಟಿಗೆ ಆವಿಯಾಗಿರುವುದರಿಂದ ಧೂಳನ್ನು ತಡೆಯುವ ದಕ್ಷತೆಯನ್ನು ಅದಕ್ಕೂ ಹಚ್ಚಿದರೆ ಲೆಕ್ಕವೇ ಕೆಡುತ್ತದೆ. ಪೈಪುಗಳ ಸಂದು, ಕವಾಟಗಳಿಂದಾಗುವ ಸೋರಿಕೆ ಕಾಗದಕ್ಕೆ ಸಿಗುವುದು ಅಪರೂಪ. 2000ದಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ಮೇಲೆ ವಿಮಾನ ಹಾರಿಸಿ ಅಳೆದಾಗ, ಪೆಟ್ರೋಕೆಮಿಕಲ್ ಘಟಕಗಳ ಸುತ್ತಲಿನ ಎಥಿಲೀನ್, ಪ್ರೊಪಿಲೀನ್‌ಗಳು ಅಲ್ಲಿನ ಲೆಕ್ಕಪಟ್ಟಿಯಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚಿದ್ದವು.

ಗುಣಾಂಕಗಳು ಪರಿಷ್ಕೃತವಾದಾಗಲೆಲ್ಲ, ಕಾರ್ಖಾನೆಯಲ್ಲಿ ಏನೂ ಬದಲಾಗದಿದ್ದರೂ, ಪಟ್ಟಿಯ ಮೊತ್ತ ಏರಿಳಿಯುತ್ತದೆ. ಹಳೆಯ ಸಾಲುಗಳನ್ನೂ ಹೊಸ ಗುಣಾಂಕದಿಂದ ಮರುಲೆಕ್ಕ ಹಾಕದ ಹೊರತು, ಎರಡು ವರ್ಷಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಮಾಲಿನ್ಯ ಇಳಿದಿದೆ ಎನ್ನುವಂತಿಲ್ಲ.