ಶಿಶುದಂತ ಪರೀಕ್ಷೆ

ಹಾಲುಹಲ್ಲು ಮೂಡಿದಂದಿನಿಂದ ಶಾಶ್ವತ ದಂತಗಳು ಬರುವವರೆಗೆ ಮಗುವಿನ ಬಾಯಿಯ ಸ್ಥಿತಿಯನ್ನು ಕಾಲಕಾಲಕ್ಕೆ ನೋಡಿ, ರೋಗವು ತಲೆದೋರುವ ಮುನ್ನವೇ ತಡೆಯುವ ಸಲುವಾಗಿ ದಂತವೈದ್ಯರು ನಡೆಸುವ ಪರೀಕ್ಷೆ. ಸಾಮಾನ್ಯವಾಗಿ 6ನೆಯ ತಿಂಗಳ ಸುಮಾರಿಗೆ ಕೆಳದವಡೆಯ ನಡುವಣ ಬಾಚಿಹಲ್ಲುಗಳು ತೋರಿಕೊಂಡು, 3 ವರ್ಷ ತುಂಬುವಷ್ಟರಲ್ಲಿ 20 ಹಾಲುಹಲ್ಲುಗಳೂ ಬಂದಿರುತ್ತವೆ. ಮೊದಲ ಹಲ್ಲು ಕಂಡ 6 ತಿಂಗಳೊಳಗೆ, ಹೆಚ್ಚೆಂದರೆ ಮೊದಲ ವರ್ಷ ತುಂಬುವುದರೊಳಗೆ, ಮೊದಲ ಪರೀಕ್ಷೆ ಆಗಬೇಕೆಂಬುದು ಶಿಶುದಂತತಜ್ಞರ ಮತ. ನಮ್ಮಲ್ಲಾದರೋ ಕೆನ್ನೆ ಊದಿ, ಮನೆಯವರೆಲ್ಲ ನಿದ್ದೆಗೆಟ್ಟ ಮರುದಿನ ವೈದ್ಯರನ್ನು ಕಾಣುವುದೇ ರೂಢಿಯಾಗಿದೆ.

ಹೇಗಿದ್ದರೂ ಬಿದ್ದುಹೋಗತಕ್ಕ ಹಲ್ಲಿಗೆ ಚಿಕಿತ್ಸೆಯೇಕೆಂಬ ಭಾವನೆಯೇ ಈ ವಿಳಂಬಕ್ಕೆ ಮುಖ್ಯ ಕಾರಣ. ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿ ಹುದುಗಿಸಿ ಹೆಂಚಿನ ಮೇಲೆಸೆಯುವಷ್ಟು ಆಸ್ಥೆಯುಳ್ಳ ಹಿರಿಯರು, ಅದೇ ಹಲ್ಲು ಬಾಯಲ್ಲಿದ್ದಾಗ ಅದನ್ನು ಕಡೆಗಣಿಸುವುದು ಸೋಜಿಗವೇ ಸರಿ. ಹಿಂಬದಿಯ ಹಾಲುಹಲ್ಲುಗಳು 10-12ನೆಯ ವಯಸ್ಸಿನವರೆಗೂ ಅಗಿಯಲು ಒದಗುವುದಲ್ಲದೆ, ಒಳಗೆ ಬೆಳೆಯುತ್ತಿರುವ ದಂತಗಳಿಗಾಗಿ ಸ್ಥಳವನ್ನೂ ಕಾದಿರಿಸುತ್ತವೆ. ಹುಳುಕಿನಿಂದ ಅವು ಅಕಾಲದಲ್ಲಿ ಕಳೆದುಹೋದಲ್ಲಿ, 6ನೆಯ ವರ್ಷದ ಸುಮಾರಿಗೆ ಅವುಗಳ ಹಿಂದೆ ಮೂಡುವ ಶಾಶ್ವತ ದವಡೆಹಲ್ಲು ಮುಂದಕ್ಕೆ ವಾಲಿ ತೆರಪನ್ನು ಆಕ್ರಮಿಸುವುದರಿಂದ, ಅನಂತರ ಬರುವ ಹಲ್ಲುಗಳು ಇಕ್ಕಟ್ಟಿಗೆ ಸಿಲುಕಿ ವಕ್ರವಾಗುತ್ತವೆ. ಯಾವ ಹಲ್ಲೂ ಬೀಳದೆಯೇ ಮೂಡುವ ಈ ದವಡೆಹಲ್ಲನ್ನೂ ಹಾಲುಹಲ್ಲೆಂದೇ ಬಗೆದು ಉಪೇಕ್ಷಿಸುವವರು ಕಡಮೆಯಿಲ್ಲ.

ಹಾಲುಹಲ್ಲಿನ ಎನಾಮೆಲ್ ತೆಳುವಾದುದರಿಂದ ಹುಳುಕು ಬಲುಬೇಗ ಒಳಗಿನ ಮಜ್ಜೆಯನ್ನು ಮುಟ್ಟುತ್ತದೆ. ಹಾಲಿನ ಬಾಟಲಿಯನ್ನು ಚೀಪುತ್ತಲೇ ನಿದ್ರಿಸುವ ಕೂಸುಗಳಲ್ಲಿ ಮೇಲಿನ ಬಾಚಿಹಲ್ಲುಗಳು ಮೊದಲು ಕೆಡುತ್ತವೆ. ಕೆಳಗಿನವನ್ನು ನಾಲಗೆಯೂ ಜೊಲ್ಲೂ ಕಾಪಾಡುತ್ತವೆ. ವಸಡಿನಂಚಿನಲ್ಲಿ ಸುಣ್ಣ ಬಳಿದಂಥ ಬಿಳಿಯ ಗೆರೆ ಈ ಹುಳುಕಿನ ಮೊದಲ ಲಕ್ಷಣ. ಈ ಹಂತದಲ್ಲಿ ಕೊರೆಯದೆಯೇ, ಫ್ಲೋರೈಡ್ ಲೇಪನದಿಂದ ರೋಗವನ್ನು ನಿಲ್ಲಿಸಬಹುದು.

ಮೊದಲ ಪರೀಕ್ಷೆಗೆ ದೊಡ್ಡ ಕುರ್ಚಿ ಬೇಕಾಗಿಯೇ ಇಲ್ಲ. ವೈದ್ಯರೂ ತಾಯಿಯೂ ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕುಳಿತು, ಮಗುವಿನ ಕಾಲುಗಳು ತಾಯಿಯ ಸೊಂಟದ ಇಕ್ಕೆಲಕ್ಕೂ ತಲೆ ವೈದ್ಯರ ತೊಡೆಯ ಮೇಲೂ ಬರುವಂತೆ ಮಲಗಿಸಿಕೊಂಡರೆ, ಅದು ತಾಯಿಯ ಮುಖವನ್ನೇ ನೋಡುತ್ತಿರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಅತ್ತರೂ ಹಾನಿಯಿಲ್ಲ, ಬಾಯಿ ಚೆನ್ನಾಗಿ ತೆರೆದಿರುತ್ತದಷ್ಟೆ. ತುಸು ದೊಡ್ಡ ಮಕ್ಕಳಿಗೆ, ದಂತವೈದ್ಯ ಅಡಲ್ಸ್ಟನ್ 1959ರಲ್ಲಿ ವಿವರಿಸಿದ ‘ಹೇಳು, ತೋರಿಸು, ಮಾಡು’ ಎಂಬ ಕ್ರಮ ಒಪ್ಪುತ್ತದೆ: ತಿರುಗುವ ಪುಟ್ಟ ಬ್ರಷ್ಷನ್ನು ಮೊದಲು ಮಗುವಿನ ಬೆರಳುಗುರಿನ ಮೇಲಾಡಿಸಿ, ಸದ್ದಿನ ಪರಿಚಯವಾದ ಮೇಲೆಯೇ ಹಲ್ಲಿಗೆ ತಾಗಿಸುವುದು. ‘ಹಟ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ’ ಎಂದು ಮನೆಯಲ್ಲಿ ಬೆದರಿಸಿಟ್ಟ ಮಗುವಿನಲ್ಲಿ ಈ ಉಪಾಯವೂ ಸುಲಭವಾಗಿ ಫಲಿಸದು. ‘ಏನೂ ನೋಯುವುದಿಲ್ಲ’ ಎಂಬ ಸಮಾಧಾನವೂ ಅಷ್ಟೇನೂ ಹಿತವಲ್ಲ; ಅದುವರೆಗೆ ನೋವನ್ನು ನೆನೆಯದಿದ್ದ ಮಗು ಆ ಮಾತಿನಿಂದಲೇ ನೋವನ್ನು ನಿರೀಕ್ಷಿಸತೊಡಗುತ್ತದೆ.

ಫ್ಲೋರೈಡುಳ್ಳ ಪೇಸ್ಟು 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 6 ವರ್ಷದವರೆಗೆ ಬಟಾಣಿಯಷ್ಟು ಸಾಕು. ಕೋಲಾರ, ಪಾವಗಡ ಮೊದಲಾದೆಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವುದುಂಟು. ಎಳೆತನದಲ್ಲಿ ಅಂಥ ನೀರನ್ನು ಕುಡಿದುದರಿಂದಾಗುವ ಕಂದುಕಲೆ ವರ್ಷಗಳ ತರುವಾಯ ಶಾಶ್ವತ ದಂತಗಳಲ್ಲಿ ಪ್ರಕಟವಾಗುವುದರಿಂದ, ಮನೆಯಲ್ಲಿ ಕುಡಿಯುವುದು ಕೊಳವೆಬಾವಿಯ ನೀರೋ ಶುದ್ಧೀಕರಿಸಿದ ನೀರೋ ಎಂಬುದನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸತಕ್ಕದ್ದು.