ಟೆನಿಸ್ ಅಂಗಣದ ರೂಪವತಿಯರು: ವೃತ್ತಿಪರ ಸ್ತ್ರೀ ಟೆನಿಸಿನ ಚರಿತ್ರೆಯಲ್ಲೊಂದು ವಿಚಾರ

ಟೆನಿಸಿನ ಚರಿತ್ರೆಯನ್ನು ಪ್ರಸ್ತಾಪಿಸುವಾಗ ಆಟಗಾರ್ತಿಯರ ಉಡುಗೆ, ಲಾವಣ್ಯ, ಇವುಗಳ ಸುತ್ತ ಎದ್ದ ಕೋಲಾಹಲ ಮೊದಲಾದವನ್ನು ವಿನೋದಪ್ರಸಂಗಗಳೆಂದು ಬದಿಗೆ ಸರಿಸಿ, ಪಂದ್ಯಗಳ ಅಂಕಗಳನ್ನೂ ಪ್ರಶಸ್ತಿಗಳ ಪಟ್ಟಿಯನ್ನೂ ಮಾತ್ರ ಪ್ರಮಾಣವೆಂದು ಗ್ರಹಿಸುವುದು ವಾಡಿಕೆಯಾಗಿದೆ. ಆಟಗಾರ್ತಿಯನ್ನು ಆಟದಿಂದಲೇ ಅಳೆಯಬೇಕೆಂಬ ನ್ಯಾಯಬುದ್ಧಿ ಈ ವಾಡಿಕೆಯ ಹಿಂದೆ ಇರುವುದರಿಂದ ಅದನ್ನು ಹಳಿಯುವಂತಿಲ್ಲ. ಆದರೂ 1926ರಿಂದ 1973ರವರೆಗಿನ ಸುಮಾರು ಅರ್ಧ ಶತಮಾನದ ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದಿರಿಸಿ ನೋಡಿದವರಿಗೆ ಬೇರೊಂದು ಅಂಶ ಗೋಚರವಾಗುತ್ತದೆ. ಆಟದಿಂದಲೇ ಜೀವನೋಪಾಯವನ್ನು ಕಂಡುಕೊಳ್ಳಬೇಕೆಂದು ಹೊರಟ ಸ್ತ್ರೀಗೆ, ಸಂಸ್ಥೆಗಳು ಹಣವನ್ನು ನಿರಾಕರಿಸಿದ ಆ ಕಾಲದಲ್ಲಿ, ರೂಪವೆಂಬುದು ಆಟದ ಅಲಂಕಾರವಾಗಿರದೆ ಆಕೆಯ ಬಂಡವಾಳವೇ ಆಗಿದ್ದಿತು. ಆ ಬಂಡವಾಳಕ್ಕೆ ಆಕೆ ತೆತ್ತ ಬಡ್ಡಿಯೂ ಅಲ್ಪವಲ್ಲ. ಮೊದಲಿಗೆ ಒಬ್ಬಳೇ ಸ್ತ್ರೀಯಲ್ಲಿ ಏಕತ್ರವಾಗಿದ್ದ ಪ್ರಾವೀಣ್ಯ ಮತ್ತು ರೂಪಗಳನ್ನು ಪ್ರದರ್ಶನದ ವ್ಯಾಪಾರಿಗಳು ಬೇರ್ಪಡಿಸಿ ಇಬ್ಬರಿಗೆ ಹಂಚಿದುದೂ, ತರುವಾಯ ಆಟಗಾರ್ತಿಯರು ತಾವೇ ಅವನ್ನು ಮತ್ತೆ ಕೂಡಿಸಿಕೊಂಡುದೂ ಈ ಲೇಖನದ ವಿಷಯ.

ಆ ಒಬ್ಬಳು ಸುಜಾನ್ ಲೆಂಗ್ಲೆನ್. 1899ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈಕೆಗೆ ತಂದೆ ಚಾರ್ಲ್ಸ್ ಲೆಂಗ್ಲೆನನೇ ಗುರು. ಅಂಗಣದ ನಾನಾ ಮೂಲೆಗಳಲ್ಲಿ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳುವವರೆಗೆ ಮಗಳಿಂದ ಹೊಡೆಸುತ್ತಿದ್ದ ಆತನ ಕಾಠಿಣ್ಯದ ಫಲವಾಗಿ ಆಕೆಯ ಹೊಡೆತಗಳಿಗೆ ಗಣಿತದ ನಿಷ್ಕೃಷ್ಟತೆ ಬಂದಿತು. 1919ರಲ್ಲಿ, ಮಹಾಯುದ್ಧಾನಂತರದ ಪ್ರಥಮ ವಿಂಬಲ್ಡನ್ನಿನಲ್ಲಿ, ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ ನೋಡುತ್ತಿರಲು, ಇಪ್ಪತ್ತರ ಈ ಯುವತಿ ಏಳು ಸಲ ವಿಜೇತೆಯಾಗಿದ್ದ ನಲವತ್ತರ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸಳನ್ನು 10–8, 4–6, 9–7 ಅಂಕಗಳಿಂದ, ಸೋಲಿನ ಅಂಚಿನ ಎರಡು ಅಂಕಗಳನ್ನು ಉಳಿಸಿಕೊಂಡು, ಪರಾಜಯಗೊಳಿಸಿದಳು. ಅಂದು ಬಲೆಯ ಒಂದು ಪಕ್ಕದಲ್ಲಿ ಹಿಂದಿನ ಪೀಳಿಗೆಯ ನೀಳವಾದ ಲಂಗ ನಿಂತಿದ್ದರೆ ಇನ್ನೊಂದು ಪಕ್ಕದಲ್ಲಿ ಮೊಣಕಾಲ ಕೆಳಗೆ ನಿಲ್ಲುವ ನೆರಿಗೆಯ ಉಡುಪು, ತೋಳನ್ನು ಮುಚ್ಚದ ಕುಪ್ಪಸ, ಬಿಗಿಗವಚವಿಲ್ಲದ ಸ್ವತಂತ್ರವಾದ ಶರೀರ ನಿಂತಿದ್ದವು. ಆಟದ ನಡುವೆ ಆಕೆ ಬ್ರಾಂದಿಯನ್ನು ಗುಟುಕರಿಸುತ್ತಿದ್ದುದು ಇಂಗ್ಲಿಷ್ ಸಭ್ಯರಿಗೆ ಮತ್ತೊಂದು ಆಘಾತ.

ಈ ಉಡುಪನ್ನು ಕೇವಲ ಶೃಂಗಾರವೆಂದು ತಿಳಿಯುವುದು ಅವಿಚಾರವಾದೀತು. ನರ್ತಕಿಯಂತೆ ಗಾಳಿಗೆ ನೆಗೆದು ಚೆಂಡನ್ನು ಹೊಡೆಯುವುದು ಲೆಂಗ್ಲೆನಳ ರೀತಿ. ಬಿಗಿಗವಚವನ್ನು ಧರಿಸಿ ಹಾಗೆ ನೆಗೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಪ್ಯಾರಿಸಿನ ವಸ್ತ್ರವಿನ್ಯಾಸಕ ಝಾನ್ ಪಾತು ಆಕೆಗಾಗಿ ರೂಪಿಸಿದ ರೇಷ್ಮೆಯ ಉಡುಪೂ, ತಲೆಗೆ ಸುತ್ತಿದ ಬಣ್ಣದ ಪಟ್ಟಿಯೂ ಸ್ವಲ್ಪ ಕಾಲದಲ್ಲಿಯೇ ಟೆನಿಸನ್ನು ಎಂದೂ ಆಡದ ಸ್ತ್ರೀಯರಿಗೂ ಮಾದರಿಯಾದುವು. 1922ರಲ್ಲಿ ವಿಂಬಲ್ಡನ್ ಸ್ಪರ್ಧೆಯನ್ನು ವರ್ಪಲ್ ರಸ್ತೆಯ ಹಳೆಯ ಅಂಗಣದಿಂದ ಚರ್ಚ್ ರಸ್ತೆಯ ವಿಶಾಲವಾದ ಅಂಗಣಕ್ಕೆ ಸ್ಥಳಾಂತರಿಸಬೇಕಾಗಿ ಬಂದುದಕ್ಕೆ ಪ್ರೇಕ್ಷಕರ ದಟ್ಟಣೆಯೇ ಪ್ರಧಾನ ಕಾರಣ. ಆ ದಟ್ಟಣೆಯಲ್ಲಿ ಈಕೆಯ ಆಕರ್ಷಣೆಯ ಪಾಲು ದೊಡ್ಡದು. 1924ರಲ್ಲಿ ದ್ಯಾಗಿಲೆವನ ನೃತ್ಯಮಂಡಲಿ ಕಾಕ್ತೋನ ಕಥೆಗೆ ಮಿಯೋನ ಸಂಗೀತವನ್ನು ಕೂಡಿಸಿ, ಕೊಕೊ ಶನೆಲಳಿಂದ ವಸ್ತ್ರವಿನ್ಯಾಸ ಮಾಡಿಸಿ ರಂಗಕ್ಕೆ ತಂದ ‘ನೀಲಿ ರೈಲು’ ಎಂಬ ನೃತ್ಯರೂಪಕದ ಟೆನಿಸ್ ಆಟಗಾರ್ತಿಯ ಪಾತ್ರಕ್ಕೆ ಲೆಂಗ್ಲೆನಳೇ ಮೂಲ. ಜೀವಂತವಾಗಿರುವ ಆಟಗಾರ್ತಿಯೊಬ್ಬಳು ಉನ್ನತಕಲೆಯ ಪಾತ್ರವಾದುದು ಅಂದಿಗೆ ಅಪೂರ್ವವಾದ ಸಂಗತಿಯೇ ಸರಿ.

ಇಷ್ಟು ಕೀರ್ತಿಯಿಂದ ಆಕೆಗೆ ದೊರೆತ ಹಣವೆಷ್ಟು? ನಿಯಮದ ಪ್ರಕಾರ, ಏನೂ ಇಲ್ಲ. ಅಂದಿನ ಮಹಾಸ್ಪರ್ಧೆಗಳೆಲ್ಲ ಹವ್ಯಾಸಿಗಳಿಗೆ ಮೀಸಲಾಗಿದ್ದು, ಟಿಕೆಟ್ಟಿನ ಹಣ ಕ್ಲಬ್ಬುಗಳಿಗೂ ಸಂಘಗಳಿಗೂ ಸಲ್ಲುತ್ತಿದ್ದಿತು. ಪ್ರಯಾಣವೆಚ್ಚದ ನೆಪದಲ್ಲಿ ಗುಪ್ತವಾಗಿ ಹಣ ಸಲ್ಲಿಸುವ ಪದ್ಧತಿ ಎಲ್ಲರಿಗೂ ತಿಳಿದಿದ್ದರೂ ಅದನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. 1926ರ ಫೆಬ್ರವರಿ 16ರಂದು ಕಾನ್ ನಗರದ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷದ ಅಮೆರಿಕದ ಕನ್ಯೆ ಹೆಲೆನ್ ವಿಲ್ಸಳನ್ನು ಲೆಂಗ್ಲೆನ್ 6–3, 8–6ರಿಂದ ಜಯಿಸಿದಾಗ ಒಳಗೆ ಸ್ಥಳ ಸಿಕ್ಕದವರು ಮರಗಳನ್ನೂ ಸುತ್ತಲಿನ ಮನೆಗಳ ಮಾಡುಗಳನ್ನೂ ಏರಿ ನೋಡಿದರು. ಆ ದಿನದ ಲಾಭ ಆಡಿದ ಇಬ್ಬರನ್ನು ಬಿಟ್ಟು ಮಿಕ್ಕವರಿಗೆ ಸಂದಿತೆಂದರೆ ತಪ್ಪಾಗಲಾರದು. ಅದೇ ವರ್ಷದ ಬೇಸಗೆಯಲ್ಲಿ ವಿಂಬಲ್ಡನ್ನಿನ ಪಂದ್ಯವೊಂದಕ್ಕೆ ಲೆಂಗ್ಲೆನ್ ತಡವಾಗಿ ಬಂದು, ಮೇರಿ ರಾಣಿಯನ್ನು ಕಾಯಿಸಿದ ಅಪವಾದ ಹೊತ್ತು, ಸ್ಪರ್ಧೆಯಿಂದಲೇ ಹಿಂದೆ ಸರಿದಳು.

ಅಮೆರಿಕದ ಸಿ. ಸಿ. ಪೈಲ್ ಪ್ರವೇಶಿಸಿದುದು ಈ ಸಂದರ್ಭದಲ್ಲಿ. ನಮ್ಮ ನಾಟಕ ಕಂಪೆನಿಗಳ ಯಜಮಾನರಂತೆ, ಯಾವ ಮುಖವನ್ನು ಯಾವ ಊರಿಗೆ ಒಯ್ದರೆ ಎಷ್ಟು ಟಿಕೆಟ್ಟು ಹರಿಯುತ್ತದೆಂಬುದನ್ನು ಬಲ್ಲ ಈ ಮನುಷ್ಯ ಲೆಂಗ್ಲೆನಳಿಗೆ ನೀಡಿದ ಹಣ 50,000 ಡಾಲರುಗಳೆಂದು ಅಂದಿನ ವರದಿಗಳು ಸಾರಿದುವು. 1926ರ ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸುಮಾರು 13,000 ಪ್ರೇಕ್ಷಕರ ಎದುರಿಗೆ ಆಕೆ ಮೇರಿ ಕೆ. ಬ್ರೌನಳೊಡನೆ ಆಡಿದ ಪಂದ್ಯದಿಂದ ವೃತ್ತಿಪರ ಟೆನಿಸ್ ಪ್ರವಾಸಗಳ ಯುಗ ಆರಂಭವಾಯಿತೆನ್ನಬಹುದು. ತಂಡದಲ್ಲಿ ವಿನ್ಸೆಂಟ್ ರಿಚರ್ಡ್ಸನೇ ಮೊದಲಾದ ಪುರುಷರಿದ್ದರೂ ಜನರು ಬಂದುದು ಈ ಸ್ತ್ರೀಯನ್ನು ನೋಡಲು ಎಂಬುದು ಇಲ್ಲಿ ಗಮನಾರ್ಹ. ಪ್ರವಾಸದುದ್ದಕ್ಕೂ ಬ್ರೌನಳೊಡನೆ ಆಡಿದ 38 ಪಂದ್ಯಗಳಲ್ಲಿಯೂ ಲೆಂಗ್ಲೆನ್ ಗೆದ್ದಳು. ತನ್ನ ಆಟದಿಂದ ಇತರರು ಲಕ್ಷಾಂತರ ಫ್ರ್ಯಾಂಕುಗಳನ್ನು ಗಳಿಸುತ್ತಿರಲು ತಾನು ಅಂಗಣಕ್ಕಿಳಿಯಲು ಪ್ರವೇಶಶುಲ್ಕವನ್ನು ತೆರಬೇಕಾಗಿದ್ದ ವ್ಯವಸ್ಥೆಯನ್ನು ಆಕೆ ಬಹಿರಂಗವಾಗಿ ಖಂಡಿಸಿದಳು. ವಿಂಬಲ್ಡನ್ನಿನ ಕ್ಲಬ್ಬು ಆಕೆಯ ಗೌರವಸದಸ್ಯತ್ವವನ್ನು ಕಿತ್ತುಕೊಂಡಿತು. ಮರುವರ್ಷ ಬ್ರಿಟನ್ನಿನಲ್ಲಿ ಕೆಲವು ಪ್ರದರ್ಶನಗಳಾದ ಮೇಲೆ ಆಕೆಯ ವೃತ್ತಿಜೀವನ ಮುಗಿಯಿತು. 1938ರ ಜುಲೈ 4ರಂದು, ನಲವತ್ತು ತುಂಬುವ ಮೊದಲೇ, ಆಕೆ ತೀರಿಕೊಂಡಳು.

ಲೆಂಗ್ಲೆನಳ ಕಾಲವನ್ನೂ ಮುಂದಿನ ಕಾಲವನ್ನೂ ಬೆಸೆಯುವ ಸೂತ್ರವಾಗಿ ಒಬ್ಬ ವ್ಯಕ್ತಿ ನಮಗೆ ದೊರೆಯುತ್ತಾನೆ. 1910ರಲ್ಲಿ ಇಂಗ್ಲೆಂಡಿನ ಈಸ್ಟ್‌ಬರ್ನಿನಲ್ಲಿ ಹುಟ್ಟಿದ ಟೆಡ್ ಟಿನ್ಲಿಂಗನನ್ನು ಉಬ್ಬಸದ ನಿಮಿತ್ತ ದಕ್ಷಿಣ ಫ್ರಾನ್ಸಿನ ಕಡಲತೀರಕ್ಕೆ ಕರೆದೊಯ್ದಿದ್ದರು. ಹದಿಮೂರರ ಬಾಲಕನಾಗಿದ್ದಾಗಲೇ ನೀಸ್ ನಗರದಲ್ಲಿ ಲೆಂಗ್ಲೆನಳ ಪಂದ್ಯಕ್ಕೆ ತೀರ್ಪುಗಾರನಾಗಿ ಕುಳಿತ ಈತ ತರುವಾಯ ಆಕೆಯ ಹಲವಾರು ಪಂದ್ಯಗಳ ತೀರ್ಪುಗಾರನಾಗಿದ್ದು, 1927ರಿಂದ ವಿಂಬಲ್ಡನ್ನಿನಲ್ಲಿ ಆಟಗಾರರ ಉಸ್ತುವಾರಿಯನ್ನು ನೋಡಿಕೊಳ್ಳುತ್ತ, ಜೊತೆಗೆ ವಸ್ತ್ರವಿನ್ಯಾಸಕನೆಂದು ಹೆಸರು ಪಡೆದನು. 1949ರಲ್ಲಿ ಕ್ಯಾಲಿಫೋರ್ನಿಯದ ಗಸ್ಸಿ ಮೋರನ್ ತನಗೆ ಒಂದು ತೋಳು ಒಂದು ಬಣ್ಣದ, ಇನ್ನೊಂದು ತೋಳು ಇನ್ನೊಂದು ಬಣ್ಣದ ಉಡುಪು ಬೇಕೆಂದು ಈತನನ್ನು ಕೇಳಲು, ಶ್ವೇತವಸ್ತ್ರದ ನಿಯಮಕ್ಕೆ ಅಂಜಿದ ಟಿನ್ಲಿಂಗ್ ಬಣ್ಣವನ್ನು ನಿರಾಕರಿಸಿ, ಬಿಳಿಯ ಉಡುಪಿನ ಒಳಚಡ್ಡಿಯ ಅಂಚಿಗೆ ಒಂದಿಷ್ಟು ಕಸೂತಿಯನ್ನು ಹೊಲಿದುಕೊಟ್ಟನು. ಅದು ಕಾಣುವಂತೆ ಚಿತ್ರ ತೆಗೆಯಲು ಛಾಯಾಗ್ರಾಹಕರು ನೆಲದ ಮೇಲೆ ಮಲಗಿದರು; ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು; ಟೆನಿಸಿಗೆ ಅಶ್ಲೀಲತೆಯನ್ನೂ ಪಾಪವನ್ನೂ ತಂದ ಆರೋಪವನ್ನು ಹೊತ್ತು ಟಿನ್ಲಿಂಗ್ ವಿಂಬಲ್ಡನ್ನಿನ ಕೆಲಸವನ್ನು ಬಿಡಬೇಕಾಯಿತು. ಅಂಗುಲಗಳ ಲೆಕ್ಕದ ಕಸೂತಿಗಾಗಿ ಯುದ್ಧದಲ್ಲಿ ಗೆದ್ದ ಸಾಮ್ರಾಜ್ಯವೊಂದು ಇಷ್ಟು ತತ್ತರಿಸಿದುದು ಇಂದು ಓದಿದರೆ ನಗು ಬರುವುದು.

ಮೋರನ್ ಸಾಮಾನ್ಯಳಾದ ಆಟಗಾರ್ತಿಯಾಗಿರಲಿಲ್ಲ. ಅದೇ ವರ್ಷ ಅಮೆರಿಕದ ಒಳಾಂಗಣ ಪ್ರಶಸ್ತಿಯನ್ನು ಗಳಿಸಿದ್ದಳು; ವಿಂಬಲ್ಡನ್ನಿನಲ್ಲಿಯೂ ಸಿಂಗಲ್ಸಿನಲ್ಲಿ ಬೇಗನೆ ಸೋತರೂ ಡಬಲ್ಸಿನ ಅಂತಿಮ ಪಂದ್ಯದವರೆಗೆ ಹೋಗಿದ್ದಳು. ಆದರೆ ಮಹಾಪ್ರಶಸ್ತಿಯನ್ನು ಗೆದ್ದವಳಲ್ಲ. 1950ರಲ್ಲಿ ವೃತ್ತಿಪರ ಪ್ರವಾಸವನ್ನು ವ್ಯವಸ್ಥೆಗೊಳಿಸುತ್ತಿದ್ದ ಬಾಬಿ ರಿಗ್ಸ್, ಜ್ಯಾಕ್ ಕ್ರೇಮರ್, ಪಾಂಚೋ ಸೆಗುರಾ ಎಂಬ ಪುರುಷರ ಜೊತೆಗೆ ಈಕೆಯನ್ನೂ ಕೂಡಿಸಿಕೊಂಡು ಎದುರಾಳಿಯನ್ನಾಗಿ ಪಾಲೀನ್ ಬೆಟ್ಸಳನ್ನು ನಿಲ್ಲಿಸಿದನು. ಬೆಟ್ಸ್ 1946ರ ವಿಂಬಲ್ಡನ್ ವಿಜೇತೆ, ನಾಲ್ಕು ಸಲ ಅಮೆರಿಕದ ವಿಜೇತೆ. ವೃತ್ತಿಪರಳಾಗುವ ವಿಚಾರ ಮಾಡಿದಳೆಂಬ ಒಂದೇ ಅಪರಾಧಕ್ಕಾಗಿ 1947ರಲ್ಲಿ ಅಮೆರಿಕದ ಟೆನಿಸ್ ಸಂಘದಿಂದ ಅಮಾನತುಗೊಂಡವಳು. ಇಬ್ಬರ ಆಟಕ್ಕೂ ಅಜಗಜಾಂತರವಿದ್ದುದರಿಂದ ಪಂದ್ಯಗಳು ಏಕಪಕ್ಷೀಯವಾಗಿ ನಡೆದು, ಪ್ರವಾಸ ಅಪೇಕ್ಷಿತ ಲಾಭವನ್ನು ತರಲಿಲ್ಲ. ಭಿತ್ತಿಪತ್ರಗಳಲ್ಲಿ ಮೆರೆದ ಹೆಸರು ಮೋರನಳದು, ಗೆದ್ದವಳು ಬೆಟ್ಸ್. ಒಬ್ಬಳು ಆಡಲಿ, ಇನ್ನೊಬ್ಬಳು ಕಾಣಲಿ ಎಂಬ ಯಜಮಾನರ ಸೂತ್ರ ಇಲ್ಲಿ ಮೊದಲ ಸಲ ಸ್ಪಷ್ಟವಾಗುತ್ತದೆ. ಅದರಿಂದ ಇಬ್ಬರಿಗೂ ಸಮಾನವಾಗಿ ಅನ್ಯಾಯವಾಯಿತೆಂದು ನನ್ನ ಅಭಿಪ್ರಾಯ. ಮುಂದೆ ವೃದ್ಧಾಪ್ಯದಲ್ಲಿ ಮನೆಯನ್ನೂ ಕಳೆದುಕೊಂಡು ಮೋರನ್ 2013ರಲ್ಲಿ ಲಾಸ್ ಏಂಜಲೀಸಿನಲ್ಲಿ ಬಡತನದಲ್ಲಿಯೇ ತೀರಿಕೊಂಡಳು.

ಹತ್ತು ವರ್ಷಗಳ ತರುವಾಯ ಅದೇ ಸೂತ್ರ ಇನ್ನೂ ಕ್ರೂರವಾದ ರೂಪದಲ್ಲಿ ಮರಳಿತು. 1957 ಮತ್ತು 1958ರಲ್ಲಿ ವಿಂಬಲ್ಡನ್ನನ್ನೂ ಅಮೆರಿಕದ ಪ್ರಶಸ್ತಿಯನ್ನೂ ಗೆದ್ದ ಕಪ್ಪುವರ್ಣೀಯ ಆಟಗಾರ್ತಿ ಆಲ್ತಿಯಾ ಗಿಬ್ಸನ್, ಕಿರೀಟದಿಂದ ಮನೆಬಾಡಿಗೆ ಹುಟ್ಟದೆಂಬುದನ್ನು ಕಂಡು, 1960ರಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡದ ಆಟದ ಮುನ್ನ ಪ್ರದರ್ಶನ ಟೆನಿಸ್ ಆಡುತ್ತ ಊರೂರು ಸುತ್ತಿದಳು. ಎದುರಿಗೆ ನಿಂತವಳು ಹೊಂಗೂದಲಿನ ಕ್ಯಾರಲ್ ಫೇಜರೋಸ್. ಹೊಳೆವ ಬಂಗಾರದ ಬಟ್ಟೆಯ ಒಳಚಡ್ಡಿಯಿಂದ 1958ರಲ್ಲಿ ವಿಂಬಲ್ಡನ್ನಿನ ಅಧಿಕಾರಿಗಳನ್ನು ಕೆರಳಿಸಿ ಪ್ರಸಿದ್ಧಳಾಗಿದ್ದವಳು. ಗಿಬ್ಸನ್ ಬಹುಪಾಲು ಎಲ್ಲ ಪಂದ್ಯಗಳನ್ನೂ ಗೆದ್ದಳು. ರೂಪವು ಬಂಡವಾಳವೆಂದು ಮೇಲೆ ಹೇಳಿದೆನಷ್ಟೆ. ಆ ಬಂಡವಾಳವನ್ನು ಅಂದಿನ ಅಮೆರಿಕ ಬಿಳಿಯ ಚರ್ಮಕ್ಕೆ ಮಾತ್ರ ಸಾಲವಾಗಿ ನೀಡುತ್ತಿದ್ದಿತೆಂಬುದನ್ನು ಈ ಪ್ರವಾಸ ಸಾಕ್ಷೀಕರಿಸುತ್ತದೆ. ಎತ್ತರದ, ನೀಳಕಾಯದ, ಹಾಡಲೂ ಬಲ್ಲ ಗಿಬ್ಸನಳನ್ನು ರೂಪವತಿಯೆಂದು ಮಾರುವ ಧೈರ್ಯ ಯಾವ ವ್ಯಾಪಾರಿಗೂ ಇರಲಿಲ್ಲ.

1968ರಲ್ಲಿ ಮಹಾಸ್ಪರ್ಧೆಗಳು ವೃತ್ತಿಪರರಿಗೂ ತೆರೆದುವು. ಆದರೂ ಆ ವರ್ಷದ ವಿಂಬಲ್ಡನ್ನಿನಲ್ಲಿ ಪುರುಷವಿಜೇತ ರಾಡ್ ಲೇವರನಿಗೆ 2,000 ಪೌಂಡು ದೊರೆತರೆ ಸ್ತ್ರೀವಿಜೇತೆ ಬಿಲ್ಲೀ ಜೀನ್ ಕಿಂಗಳಿಗೆ ದೊರೆತುದು 750 ಪೌಂಡು. 1970ರಲ್ಲಿ ಲಾಸ್ ಏಂಜಲೀಸಿನ ಸ್ಪರ್ಧೆಯೊಂದು ಪುರುಷನಿಗೆ 12,500 ಡಾಲರುಗಳನ್ನೂ ಸ್ತ್ರೀಗೆ 1,500 ಡಾಲರುಗಳನ್ನೂ ಘೋಷಿಸಿತು. ಅದರ ಸೂತ್ರಧಾರ, ಮೋರನಳ ಪ್ರವಾಸದಲ್ಲಿ ಆಡಿದ್ದ ಅದೇ ಜ್ಯಾಕ್ ಕ್ರೇಮರ್. ಪತ್ರಿಕೆಯೊಂದರ ಒಡತಿ ಗ್ಲ್ಯಾಡಿಸ್ ಹೆಲ್ಡ್‌ಮನಳ ನೇತೃತ್ವದಲ್ಲಿ ಒಂಬತ್ತು ಆಟಗಾರ್ತಿಯರು ಸೆಪ್ಟೆಂಬರ್ 23ರಂದು ಹ್ಯೂಸ್ಟನ್ನಿನಲ್ಲಿ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ ಪ್ರತ್ಯೇಕವಾದ ಸ್ಪರ್ಧೆಯನ್ನು ಹೂಡಿದರು. ಪ್ರಾಯೋಜಕರಾಗಿ ಬಂದುದು, ಸ್ತ್ರೀಯರಿಗಾಗಿಯೇ ತಯಾರಾದ ವರ್ಜೀನಿಯಾ ಸ್ಲಿಮ್ಸ್ ಎಂಬ ಸಿಗರೇಟು. ಆರೋಗ್ಯದ ಆಟಕ್ಕೆ ಧೂಮಪಾನದ ಹಣವೆಂಬ ಈ ವಿಪರ್ಯಾಸವನ್ನು ಆಗಲೂ ಜನ ಗುರುತಿಸಿದ್ದರು. ಬೇರೆ ಯಾರೂ ಕೊಡಲು ಮುಂದಾಗಲಿಲ್ಲ ಎಂಬುದೂ ಅಷ್ಟೇ ಸತ್ಯ.

ಈ ಹೊಸ ಸ್ಪರ್ಧಾಮಾಲೆ ತನ್ನ ವಸ್ತ್ರವಿನ್ಯಾಸಕ್ಕೆ ನೇಮಿಸಿಕೊಂಡುದು ಟಿನ್ಲಿಂಗನನ್ನು. ಮಿರುಗುವ ಬಟ್ಟೆ, ಕಸೂತಿ, ಗಾಢವರ್ಣಗಳು ಅಂಗಣಕ್ಕೆ ಇಳಿದುವು. ಆದರೆ ವ್ಯತ್ಯಾಸ ಮುಖ್ಯವಾದುದು: ಇಲ್ಲಿ ಉಟ್ಟವಳೂ ಗೆಲ್ಲುವವಳೂ ಒಬ್ಬಳೇ, ಮತ್ತು ಏನು ಉಡಬೇಕೆಂಬ ನಿರ್ಧಾರದಲ್ಲಿ ಆಕೆಯ ಮಾತಿಗೂ ಬೆಲೆಯಿತ್ತು. 1971ರಲ್ಲಿ ಕಿಂಗ್ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸಿದಳು. 1973ರ ಸೆಪ್ಟೆಂಬರ್ 20ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮಿನಲ್ಲಿ 30,472 ಪ್ರೇಕ್ಷಕರ ಮುಂದೆ, ಟಿನ್ಲಿಂಗ್ ಹೊಲಿದ ಉಡುಪನ್ನು ಧರಿಸಿ, ಐವತ್ತೈದರ ಬಾಬಿ ರಿಗ್ಸನನ್ನು ಆಕೆ 6–4, 6–3, 6–3ರಿಂದ ಸೋಲಿಸಿದಳು. ಮೋರನಳನ್ನೂ ಬೆಟ್ಸಳನ್ನೂ ಊರೂರಿಗೆ ಒಯ್ದ ಯಜಮಾನನೇ ಈ ರಿಗ್ಸ್ ಎಂಬುದನ್ನು ನೆನೆದರೆ, ಆ ರಾತ್ರಿಯ ಗದ್ದಲದಲ್ಲಿ ತೀರಿದ ಲೆಕ್ಕ ಎಷ್ಟು ಹಳೆಯದೆಂಬುದು ಅರಿವಾಗುತ್ತದೆ. ಆ ವರ್ಷವೇ ಅಮೆರಿಕದ ಮುಕ್ತಸ್ಪರ್ಧೆ ಪುರುಷರಿಗೂ ಸ್ತ್ರೀಯರಿಗೂ ಸಮಾನ ಬಹುಮಾನವನ್ನು ನೀಡಿತು. ವಿಂಬಲ್ಡನ್ ಅದಕ್ಕೆ ಒಪ್ಪಲು 2007ರವರೆಗೆ ಕಾಯಬೇಕಾಯಿತು.

ಆಮೇಲಿನ ಕಥೆ ಓದುಗರಿಗೆ ಪರಿಚಿತವಾದುದರಿಂದ ವಿಸ್ತರಿಸುವುದಿಲ್ಲ. ಪುರುಷರ ಹಂಗಿಲ್ಲದೆ ಸ್ತ್ರೀಯರ ಸ್ಪರ್ಧೆ ತಾನೇ ಪ್ರೇಕ್ಷಕರನ್ನು ಸೆಳೆಯಬಲ್ಲುದೆಂಬುದನ್ನು ನಮ್ಮವರೂ ಕಂಡಿದ್ದಾರೆ: 2008ರ ಮಾರ್ಚಿನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಗಣದಲ್ಲಿ ಸೆರೀನಾ ವಿಲಿಯಮ್ಸ್ ಪ್ರಶಸ್ತಿಯನ್ನು ಗೆದ್ದಳು. ಆದರೂ ಯಜಮಾನರ ಹಳೆಯ ಸೂತ್ರ ಜನರ ಬಾಯಿಮಾತಿನಲ್ಲಿ ಉಳಿದುಕೊಂಡಿತು. ರಷ್ಯದ ಆನಾ ಕೂರ್ನಿಕೋವಾ ಸಿಂಗಲ್ಸ್ ಪ್ರಶಸ್ತಿಯೊಂದನ್ನೂ ಗೆಲ್ಲದೆ ಕೇವಲ ಮುಖದಿಂದ ಧನಿಕಳಾದಳೆಂಬ ಪರಿಹಾಸ್ಯ ಇಂದಿಗೂ ನಿಂತಿಲ್ಲ. ಹದಿನಾರರಲ್ಲಿ ವಿಂಬಲ್ಡನ್ನಿನ ಉಪಾಂತ್ಯವನ್ನು ಮುಟ್ಟಿದ, ಸಿಂಗಲ್ಸಿನಲ್ಲಿ ಎಂಟನೆಯ ಸ್ಥಾನಕ್ಕೂ ಡಬಲ್ಸಿನಲ್ಲಿ ಪ್ರಪಂಚದ ಮೊದಲ ಸ್ಥಾನಕ್ಕೂ ಏರಿದ, ಮಾರ್ಟಿನಾ ಹಿಂಗಿಸಳೊಡನೆ ಎರಡು ಸಲ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿಯನ್ನು ಗೆದ್ದ ಆಟಗಾರ್ತಿಯ ವಿಷಯದಲ್ಲಿ ಈ ಮಾತು ಶುದ್ಧ ಅನ್ಯಾಯ. ಬೆನ್ನುನೋವು ಆಕೆಯ ಆಟವನ್ನು 2003ರಲ್ಲಿಯೇ ನಿಲ್ಲಿಸಿತು. ಆಕೆಯ ತರುವಾಯ ಬಂದ ಮರಿಯಾ ಶರಪೋವಾ 2004ರಲ್ಲಿ ಹದಿನೇಳರ ವಯಸ್ಸಿಗೆ ವಿಂಬಲ್ಡನ್ನನ್ನು ಗೆದ್ದು, ಒಟ್ಟು ಐದು ಮಹಾಪ್ರಶಸ್ತಿಗಳನ್ನು ಗಳಿಸಿ, ನಿಷಿದ್ಧ ಔಷಧದ ಪ್ರಕರಣದಲ್ಲಿ ಹದಿನೈದು ತಿಂಗಳ ಬಹಿಷ್ಕಾರವನ್ನೂ ಅನುಭವಿಸಿದಳು. ಆಟ ಮತ್ತು ಆಕರ್ಷಣೆ ಒಂದೆಡೆ ಕೂಡಿದ ಲೆಂಗ್ಲೆನಳ ಪರಂಪರೆಗೆ ಸೇರಿದವಳು ಈಕೆಯೆಂದು ನಾನು ಎಣಿಸುತ್ತೇನೆ.

ಅಮೆರಿಕದ ನ್ಯೂಪೋರ್ಟಿನಲ್ಲಿರುವ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಮಂದಿರಕ್ಕೆ ಬೆಟ್ಸ್ 1965ರಲ್ಲಿಯೂ, ಗಿಬ್ಸನ್ 1971ರಲ್ಲಿಯೂ, ಲೆಂಗ್ಲೆನ್ 1978ರಲ್ಲಿಯೂ, ವಸ್ತ್ರವಿನ್ಯಾಸಕ ಟಿನ್ಲಿಂಗ್ 1986ರಲ್ಲಿಯೂ ಸೇರ್ಪಡೆಗೊಂಡರು. ಒಂದು ಡಾಲರಿನ ಕರಾರಿಗೆ ಸಹಿ ಹಾಕಿದ ಒಂಬತ್ತು ಮಂದಿಗೆ ಸಾಮೂಹಿಕವಾಗಿ ಆ ಗೌರವ ಸಂದುದು 2021ರಲ್ಲಿ. ಮೋರನ್ ಮತ್ತು ಫೇಜರೋಸರ ಹೆಸರು ಅಲ್ಲಿ ಇಲ್ಲ.